ಹನ್ನೊಂದನೆಯ ತೂಬಿನ ಬೀಗ

ನಾನು ಇಪ್ಪತ್ತೆಂಟು ವರ್ಷ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಕಾಲುವೆಯ ದಂಡೆಯ ಮೇಲೆ ನಿಂತದ್ದು ಹೆಚ್ಚೆಂದರೆ ಎಂಟೋ ಹತ್ತೋ ಸಲ. ನನ್ನ ಪಾಲಿಗೆ ಕಾಲುವೆ ಎಂದರೆ ಕಂಪ್ಯೂಟರಿನೊಳಗೆ ಸಾಲುಸಾಲಾಗಿ ಕೂತಿದ್ದ ಹೆಸರುಗಳು, ಸಂಖ್ಯೆಗಳು. ಆ ಸಾಲುಗಳು ಕೆಟ್ಟಾಗ ಎಲ್ಲರೂ ನನ್ನನ್ನು ಕರೆಯುತ್ತಿದ್ದರು. ಸರಿಯಿದ್ದಾಗ ನಾನು ಯಾರಿಗೂ ನೆನಪಾಗುತ್ತಿರಲಿಲ್ಲ. ಈ ಕೆಲಸದ ಸುಖವೇ ಅದು ಎಂದು ನಿವೃತ್ತಿಯಾದ ಮೇಲೆ ಅನಿಸುತ್ತಿದೆ.

ಈಗ ಇಂಥ ಸೀಟಿಗೆ ಹೊಸದಾಗಿ ಬಂದವರು ಆಗಾಗ ಯಾದಗಿರಿಯ ನಮ್ಮ ಮನೆಗೆ ಬರುತ್ತಾರೆ. ಡೇಟಾಬೇಸ್ ತೆರೆಯದಿದ್ದರೆ ಮೊದಲು ಯಾವ ಗುಂಡಿ ಒತ್ತಬೇಕು ಎಂದು ಕೇಳುತ್ತಾರೆ. ಗುಂಡಿ ಒತ್ತುವ ಮೊದಲು ಎದ್ದು ನಿಲ್ಲಬೇಕು ಎಂದರೆ ನಗುತ್ತಾರೆ. ನಾನು ಹಾಗೆ ಯಾಕೆ ಹೇಳುತ್ತೇನೆ ಎಂಬುದನ್ನು ಬರೆದಿಡುತ್ತೇನೆ. ಕಚೇರಿಯ ಹೆಸರು ಹೇಳುವುದಿಲ್ಲ. ಅದು ಶಹಾಪುರದ ಕಡೆಗಿತ್ತು, ಸುರಪುರ ತಾಲ್ಲೂಕಿನ ಒಂದಿಷ್ಟು ಹಳ್ಳಿಗಳೂ ನಮ್ಮ ವ್ಯಾಪ್ತಿಯಲ್ಲಿದ್ದವು ಎಂದರೆ ಸಾಕು.

ನನ್ನ ತವರು ಬಳಿಚಕ್ರ. ಅಪ್ಪ ಶಾಲೆಯ ಮಾಸ್ತರರು. ನಮ್ಮ ನಾಲ್ಕು ಎಕರೆಯಲ್ಲಿ ಮಳೆ ಬಂದರೆ ತೊಗರಿ, ಇಲ್ಲದಿದ್ದರೆ ಏನೂ ಇಲ್ಲ. ಮದುವೆಯಾಗಿ ಯಾದಗಿರಿಗೆ ಬಂದ ಮೇಲೆ ಟೈಪಿಸ್ಟ್ ನೌಕರಿ ಸಿಕ್ಕಿತು. ದಿನಾ ಬಸ್ಸಿನಲ್ಲಿ ಭೀಮಾ ನದಿಯ ಸೇತುವೆ ದಾಟಿ ಶಹಾಪುರದ ಹಾದಿ ಹಿಡಿಯುತ್ತಿದ್ದೆ. ಆ ಕಡೆ ಕಾಲುವೆ ಬಂದು ಕೆಲವೇ ವರ್ಷಗಳಾಗಿದ್ದವು. ಬೇಸಿಗೆಯಲ್ಲೂ ಹಸಿರಾಗಿದ್ದ ಗದ್ದೆಗಳನ್ನು ಮೊದಲ ದಿನ ಕಿಟಕಿಯಿಂದ ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ಇದೇ ನೀರಿನ ಪಟ್ಟಿಯನ್ನು ನಾನು ಟೈಪ್ ಮಾಡಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಕೆಲಸ ಹೀಗಿತ್ತು. ದೊಡ್ಡ ಕಾಲುವೆಯಿಂದ ಕವಲು ಕಾಲುವೆ, ಕವಲು ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ತೂಬುಗಳು. ಯಾವ ತೂಬು ಯಾವ ದಿನ ತೆರೆದಿರಬೇಕು, ಯಾವ ದಿನ ಮುಚ್ಚಿರಬೇಕು ಎಂಬ ಸರದಿ ಪಟ್ಟಿ ಪ್ರತಿ ಗುರುವಾರ ಹೊರಡುತ್ತಿತ್ತು. ಗೇಟು ತೆರೆದು ಮುಚ್ಚುವ ಲಷ್ಕರ್ ಅದನ್ನು ಒಯ್ದು, ತನ್ನ ಚೌಕಿಯ ಗೋಡೆಗೆ ಅಂಟಿಸಿ, ಅದರಂತೆ ನಡೆಯುತ್ತಿದ್ದ. ಕಾಗದದಲ್ಲಿ 'ಬಂದ್' ಎಂದಿದ್ದರೆ ಬಂದ್. ಆಮೇಲೆ ಯಾರು ಬಂದು ಕೂಗಾಡಿದರೂ ಗೇಟು ಏಳುತ್ತಿರಲಿಲ್ಲ.

ಮೊದಲು ಟೈಪ್‌ರೈಟರ್, ಕಾರ್ಬನ್ ಹಾಳೆ. ಆಮೇಲೆ ಏಳು ಕಂಪ್ಯೂಟರುಗಳು ಬಂದವು. ಒಳಗಿನ ಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ ಒಂದೇ ಡೇಟಾಬೇಸ್ ಇಟ್ಟು, ಉಳಿದ ಆರಕ್ಕೂ ತಂತಿ ಎಳೆದರು. ಯಾರು ಎಲ್ಲಿ ಕೂತರೂ ಅದೇ ಸಾಲುಗಳನ್ನು ನೋಡಬಹುದು, ತಿದ್ದಬಹುದು. ಕಲಬುರ್ಗಿಯಿಂದ ಒಬ್ಬರು ಬಂದು ಪ್ರೋಗ್ರಾಂ ಬರೆದುಕೊಟ್ಟು ಎರಡು ದಿನ ತರಬೇತಿ ಕೊಟ್ಟರು. ಹೋಗುವಾಗ ನನ್ನ ಕಡೆ ಬೆರಳು ತೋರಿಸಿ, "ಏನಾರ ಆದ್ರ ಈ ಬಾಯಾರಿಗೆ ಕೇಳ್ರಿ" ಎಂದುಬಿಟ್ಟರು. ಅಷ್ಟಕ್ಕೆ ನಾನು ಆ ವಿಭಾಗದ ವೈದ್ಯಳಾದೆ.

ನನ್ನ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಡೇಟಾಬೇಸ್ ತೆರೆದರೆ, ಅದರ ಪಕ್ಕದಲ್ಲೇ ಒಂದು ಚಿಕ್ಕ ಫೈಲು ತಾನಾಗಿ ಹುಟ್ಟುತ್ತಿತ್ತು. ಒಳಗೆ ಯಾವ ಯಾವ ಕಂಪ್ಯೂಟರ್ ಇವೆ ಎಂಬ ಹೆಸರುಗಳು ಅದರಲ್ಲಿ ಇರುತ್ತಿದ್ದವು. ನಾವು ಅದನ್ನು ಬೀಗದ ಫೈಲು ಎನ್ನುತ್ತಿದ್ದೆವು. ಒಮ್ಮೆ ಕರೆಂಟು ಹೋಗಿ ಬಂದ ಮೇಲೆ ಆ ಬೀಗ ಹಾಗೇ ಉಳಿದುಕೊಂಡು ಯಾರಿಗೂ ಡೇಟಾಬೇಸ್ ತೆರೆಯಲಿಲ್ಲ. ನಾನು ಎಲ್ಲರನ್ನೂ ಹೊರಗೆ ಬರಲು ಹೇಳಿ ದೊಡ್ಡ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಸರಿಹೋಯಿತು. ಎಲ್ಲರೂ ಹೊಗಳಿದರು. ಹೊಗಳಿಕೆ ತಲೆಗೆ ಏರಿತು.

ಒಂದು ತಿಂಗಳು ಕಳೆದು ಮತ್ತೆ ಅಂಥದೇ ದೂರು ಬಂತು. ಈ ಸಲ ನಾನು ಯಾರನ್ನೂ ಕೇಳದೆ ಸೀದಾ ಒಳಕೋಣೆಗೆ ಹೋಗಿ ಆರಿಸಿದೆ. ಆ ಹೊತ್ತಿಗೆ ಮೂವರು ಗುಮಾಸ್ತರು ಒಳಗೆ ಬರೆಯುತ್ತಿದ್ದರು. ಮತ್ತೆ ಹಚ್ಚಿದಾಗ ಡೇಟಾಬೇಸ್ ಸತ್ತುಹೋಗಿತ್ತು. ನಕಲು ಇತ್ತು, ಆದರೆ ಒಂಬತ್ತು ದಿನ ಹಳೆಯದು.

ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರು ಕರೆಸಿದರು. ಅವರು ಬೈಯುವವರಲ್ಲ, ಆದರೆ ಅವರ ಎರಡು ಪ್ರಶ್ನೆಗಳಿಗಿಂತ ಬೈಗುಳವೇ ಮೇಲು ಅನಿಸುತ್ತಿತ್ತು.

"ಯಾರ್ನ ಕೇಳಿ ಆರಿಸಿದ್ರಿ?"

"ಯಾರ್ನೂ ಕೇಳಿಲ್ರಿ, ಸಾಹೇಬ್ರ."

"ಆರು ಮಂದಿ ಕೂತಾರ. ಎದ್ದು ಹೋಗಿ ಕೇಳಾಕ ಎಷ್ಟು ಹೊತ್ತು ಬೇಕ್ರಿ?"

ಎರಡು ನಿಮಿಷವೂ ಬೇಕಿರಲಿಲ್ಲ. ನಾನು ತಲೆ ತಗ್ಗಿಸಿ ಹೊರಬಂದೆ.

ಅಂದು ನನ್ನನ್ನು ಉಳಿಸಿದವರು ಹಿರಿಯ ಗುಮಾಸ್ತ ಸಿದ್ರಾಮಪ್ಪನವರು. ಕಾಲುವೆ ತೋಡುವಾಗ ಅವರು ಅಳತೆ ಟೇಪು ಹಿಡಿದು ಅದರ ಉದ್ದಕ್ಕೂ ನಡೆದವರು. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, "ಅಳಬ್ಯಾಡ್ರಿ ಸುಶೀಲಾಬಾಯಿ, ಟೈಪ್ ಹೊಡೀರಿ. ಮೂರನೇ ಕವಲು, ಆರನೇ ತೂಬು, ಸೋಮವಾರ, ಮಂಗಳವಾರ ಚಾಲೂ" ಎಂದು ಬಾಯಿಪಾಠದಂತೆ ಹೇಳುತ್ತಾ ಹೋದರು. ಆಮೇಲೆ ಕಾಗದಗಳೊಂದಿಗೆ ಹೋಲಿಸಿದಾಗ ಎರಡೇ ಎರಡು ಕಡೆ ವ್ಯತ್ಯಾಸ ಸಿಕ್ಕಿತು. ಎರಡೂ ಕಡೆ ಕಾಗದದ್ದೇ ತಪ್ಪು.

ಮುಂದೆ ಎಷ್ಟೋ ವರ್ಷ ಸಣ್ಣಪುಟ್ಟ ತೊಂದರೆಗಳು ಬಂದವು. ಒಮ್ಮೆ ಒಂದು ಕಂಪ್ಯೂಟರಿನ ಗಡಿಯಾರ ನಿಂತು, ಅಲ್ಲಿ ಬರೆದದ್ದೆಲ್ಲ ಹಳೆಯ ವರ್ಷದ ಲೆಕ್ಕಕ್ಕೆ ಹೋಗಿ ಸೇರುತ್ತಿತ್ತು. ಇನ್ನೊಮ್ಮೆ ಇಲಿ ತಂತಿ ಕಡಿದಿತ್ತು. ಗುರುಮಠಕಲ್ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಗುಮಾಸ್ತರು ಹಳ್ಳಿಗಳ ಹೆಸರನ್ನು ತೆಲುಗು ಉಚ್ಚಾರಕ್ಕೆ ತಕ್ಕಂತೆ ಬರೆದು, ಒಂದು ಹಳ್ಳಿ ಎರಡಾಗಿತ್ತು. ಎದ್ದು ಹೋಗಿ ಕೇಳಿದರೆ ಇವೆಲ್ಲ ಅರ್ಧ ದಿನದಲ್ಲಿ ಬಗೆಹರಿಯುತ್ತಿದ್ದವು. ಬಗೆಹರಿಯದೆ ಮೂರು ವಾರ ಕಾಡಿದ್ದು ಒಂದೇ ಒಂದು.

ಆ ವರ್ಷ ಮೂರನೇ ಕವಲಿನ ಕೊನೆಯ ಮೂರು ತೂಬುಗಳನ್ನು, ಎಂದರೆ ಹನ್ನೆರಡು, ಹದಿಮೂರು, ಹದಿನಾಲ್ಕನ್ನು, ದುರಸ್ತಿಗಾಗಿ ಕೆಲ ದಿನ ಬಂದ್ ಮಾಡಿದ್ದರು. ದುರಸ್ತಿ ಮುಗಿಯಿತು. ಪಟ್ಟಿಯಲ್ಲಿ ಅವನ್ನು 'ಚಾಲೂ' ಎಂದು ತಿದ್ದಬೇಕಿತ್ತು. ಆ ಕೆಲಸ ಹಣಮಂತರಾಯರದು. ಅವರು ಗುತ್ತಿಗೆಯ ಮೇಲೆ ಬಂದ ಆಪರೇಟರ್. ನಲವತ್ತೈದರ ಮನುಷ್ಯ, ಸುರಪುರದಲ್ಲಿ ಬಹಳ ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ. ಅವರ ವೇಗ ನೋಡಲು ಬೇರೆ ಕಚೇರಿಯವರೂ ಬಂದು ನಿಲ್ಲುತ್ತಿದ್ದರು.

ಒಂದು ಸೋಮವಾರ ಈರಮ್ಮ ಎಂಬ ಹೆಂಗಸು ಕಚೇರಿಗೆ ಬಂದಳು. ಹದಿಮೂರನೇ ತೂಬಿನ ಕೆಳಗೆ ಅವಳದು ಎರಡೂವರೆ ಎಕರೆ ಗದ್ದೆ. ಎರಡು ಬಸ್ಸು ಬದಲಿಸಿ ಬಂದಿದ್ದಳು. "ದುರಸ್ತಿ ಮುಗದು ಎರಡು ವಾರ ಆತ್ರಿ. ಲಷ್ಕರ್‌ನ ಕೇಳಿದ್ರ, ಕಾಗದದಾಗ ಬಂದ್ ಅಂತ ಅದ ಅಂತಾನ" ಎಂದಳು. ನಾವು ಹಣಮಂತರಾಯರನ್ನು ಕೇಳಿದೆವು. "ಎರಡು ಸಲಾನೂ ಚಾಲೂ ಅಂತ ನಾನಽ ಹೊಡದೇನ್ರಿ" ಎಂದರು. ಲಷ್ಕರ್ ಹಳೆಯ ಪಟ್ಟಿ ನೋಡುತ್ತಿರಬೇಕು ಎಂದುಕೊಂಡು ಅವಳನ್ನು ಕಳಿಸಿದೆವು.

ಮುಂದಿನ ಸೋಮವಾರ ಅವಳು ಮತ್ತೆ ಬಂದಳು. ಈ ಸಲ ಬಾಯಿಮಾತಿಗೆ ಬಂದಿರಲಿಲ್ಲ. ಚೌಕಿಯ ಗೋಡೆಯ ಮೇಲಿದ್ದ ಮೂರು ವಾರದ ಪಟ್ಟಿಗಳನ್ನೂ ಕಿತ್ತು ತಂದಿದ್ದಳು. ಅವನ್ನು ನನ್ನ ಮೇಜಿನ ಮೇಲೆ ಸಾಲಾಗಿ ಹರವಿದಳು.

"ನಾ ಏಳನೇತ್ತ ಓದೀನ್ರಿ ಬಾಯಾರ. ಇಲ್ಲಿ ನೋಡ್ರಿ, ಬಂದ್. ಇಲ್ಲೂ ಬಂದ್. ಇಲ್ಲೂ. ನಿಮ್ಮ ಕಚೇರಿ ಠಸ್ಸಿ ಅದನೋ ಇಲ್ಲೋ?"

ಠಸ್ಸೆ, ಎಂದರೆ ಕೆಳಗಿನ ಮೊಹರು, ನಮ್ಮದೇ ಇತ್ತು.

"ಭತ್ತ ಹೊಡಿ ಹಾಕ್ಯಾವ್ರಿ" ಎಂದಳು, ತೆನೆ ಹೊರಡುವ ಹೊತ್ತು ಎಂದು. ಈಗ ದನಿ ಇಳಿದಿತ್ತು. "ಈ ಸರತೀನೂ ನೀರು ತಪ್ಪಿದ್ರ ಎಲ್ಲಾ ಜೊಳ್ಳಾಗ್ತಾವ. ಆಮ್ಯಾಲ ನೀವು ಕಾಲುವಿ ತುಂಬ ಬಿಟ್ರೂ ಉಪಯೋಗಿಲ್ಲ."

ದೇಸಾಯಿ ಸಾಹೇಬರು ಪಟ್ಟಿಗಳನ್ನು ನೋಡಿ ಲಷ್ಕರನಿಗೆ ಬಾಯಲ್ಲೇ ಹೇಳಿ ಗೇಟು ತೆರೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೆರೆಸುತ್ತಿದ್ದರು. ಆದರೆ ಆ ವಾರ ನೀರಿನ ಸರದಿ ಬೇರೆ ಕವಲಿನದು. ಮೂರನೇ ಕವಲಿಗೆ ನೀರು ಇಳಿಯುವುದು ಶುಕ್ರವಾರದಿಂದ. ಗುರುವಾರದ ಪಟ್ಟಿಯೇ ನಿರ್ಣಾಯಕ. ಸಾಹೇಬರು ಹಣಮಂತರಾಯರನ್ನು ಕರೆದು ಒಂದೇ ಮಾತು ಹೇಳಿದರು. "ಗುರುವಾರ ಇದು ಮತ್ತ ಗಲತ್ ಬಂದ್ರ, ಶುಕ್ರವಾರದಿಂದ ನೀವು ಬರೋದು ಬ್ಯಾಡ."

ಹಣಮಂತರಾಯರು ಹೊರಗೆ ಬಂದು ಗೋಡೆಗೆ ಒರಗಿ ನಿಂತರು. "ದೇವರಾಣಿ ಬಾಯಾರ, ನಾ ಹೊಡದೇನಿ. ಮಷಿನ್ ನುಂಗಾಕತ್ತದ" ಎಂದರು. ಅವರ ಮಾತು ನನಗೆ ನಂಬಿಕೆಯಾಯಿತು. ಆದರೆ ಯಂತ್ರ ಬೇರೆ ಯಾವ ತೂಬನ್ನೂ ನುಂಗದೆ ಅದೇ ಮೂರನ್ನು ಯಾಕೆ ನುಂಗುತ್ತದೆ? ಬುಧವಾರ ಸಂಜೆ ಎಲ್ಲರೂ ಹೋದ ಮೇಲೆ ನಾನೇ ನನ್ನ ಕಂಪ್ಯೂಟರಿನಲ್ಲಿ ಹದಿನಾಲ್ಕನೆಯದನ್ನು ತಿದ್ದಿ ನೋಡಿದೆ. ಸರಿಯಾಗಿ ತಿದ್ದಿತು. ಪರೀಕ್ಷೆಗೆಂದು ಮಾಡಿದ್ದು, ಹಾಗಾಗಿ ಮೊದಲಿನಂತೆ ಮಾಡಿ ಇಟ್ಟೆ. ಅದನ್ನು ಹಾಗೇ ಬಿಟ್ಟಿದ್ದರೆ ಒಂದು ತೂಬಾದರೂ ಉಳಿಯುತ್ತಿತ್ತು, ಆದರೆ ರೋಗ ಸಿಗುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹಣಮಂತರಾಯರ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. "ನೀವು ಎಂದಿನ್ಹಂಗ ಹೊಡೀರಿ. ನಾ ಪರದೆ ನೋಡ್ತೀನಿ" ಎಂದೆ. ಅವರು ಶುರುಮಾಡಿದರು. ಒಂದು, ಎರಡು, ಮೂರು... ಹತ್ತರವರೆಗೆ ಎಲ್ಲ ಸರಿ. ಹನ್ನೊಂದರಲ್ಲಿ ತಿದ್ದುವುದು ಏನೂ ಇರಲಿಲ್ಲ. ಹನ್ನೆರಡಕ್ಕೆ ಬಂದು 'ಚಾಲೂ' ಎಂದು ಹೊಡೆದರು. ಪರದೆಯ ನಡುವೆ ಒಂದು ಚಿಕ್ಕ ಪೆಟ್ಟಿಗೆ ಮಿಂಚಿತು. ಅದನ್ನು ಓದುವ ಮೊದಲೇ ಅವರ ಬೆರಳು ಎಂಟರ್ ಒತ್ತಿ, ಪೆಟ್ಟಿಗೆ ಮಾಯವಾಗಿ, ಸಾಲು ಹದಿಮೂರಕ್ಕೆ ಹೋಗಿತ್ತು.

"ನಿಲ್ರಿ!" ಎಂದು ಅವರ ಕೈ ಹಿಡಿದೆ.

"ಏನಾತ್ರಿ?"

"ಕಾಗದ ಬಿಡ್ರಿ. ಪರದೆ ನೋಡಿಕೋತ ಈಗ ಹೊಡೀರಿ."

ಹದಿಮೂರಕ್ಕೆ ಹೊಡೆದರು. ಪೆಟ್ಟಿಗೆ ಮತ್ತೆ ಬಂತು. ಈ ದಾಖಲೆಯನ್ನು ಬೇರೊಬ್ಬರು ಬಳಸುತ್ತಿದ್ದಾರೆ, ಉಳಿಸಲು ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹಣಮಂತರಾಯರು ಅದನ್ನು ನೋಡಿದ್ದು ಅದೇ ಮೊದಲು. ಮೂರು ವಾರವೂ ಅವರ ಬೆರಳೇ ಆ ಎಚ್ಚರಿಕೆಯನ್ನು ಅಳಿಸಿ ಮುಂದೆ ಹೋಗಿತ್ತು.

ಹಾಗಾದರೆ ಒಳಗೆ ಯಾರೋ ಇದ್ದರು. ನಮ್ಮ ಡೇಟಾಬೇಸಿಗೆ ಒಂದು ಹಳೆಯ ಗುಣವಿತ್ತು. ಒಬ್ಬರು ಒಂದು ಸಾಲನ್ನು ತಿದ್ದುತ್ತಾ ಅರ್ಧಕ್ಕೆ ನಿಲ್ಲಿಸಿದರೆ, ಆ ಸಾಲಿಗಷ್ಟೇ ಅಲ್ಲ, ಅದರ ಜೊತೆ ಒಂದೇ ಪುಟದಲ್ಲಿ ಕೂತ ಪಕ್ಕದ ಸಾಲುಗಳಿಗೂ ಬೀಗ ಬೀಳುತ್ತಿತ್ತು. ಹನ್ನೊಂದರಿಂದ ಹೊಸ ಪುಟ ಶುರುವಾಗುತ್ತಿತ್ತು. ಯಾರೋ ಹನ್ನೊಂದರಲ್ಲಿ ಕೂತಿದ್ದರೆ ಹನ್ನೆರಡರಿಂದ ಹದಿನಾಲ್ಕರವರೆಗೆ ಬೇರೆಯವರಿಗೆ ತಿದ್ದಲು ಆಗುತ್ತಿರಲಿಲ್ಲ.

ಗಂಟೆ ಹತ್ತೂಮುಕ್ಕಾಲು. ಹನ್ನೊಂದೂವರೆಗೆ ಪಟ್ಟಿ ಒಯ್ಯಲು ಲಷ್ಕರ್ ಬಂದು ನಿಲ್ಲುತ್ತಾನೆ. ದೊಡ್ಡ ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಎರಡು ನಿಮಿಷದ ಕೆಲಸ ಎಂದು ಮನಸ್ಸು ಹೇಳಿತು. ಹಾಗೆ ಮಾಡಲಿಲ್ಲ. ಬೀಗದ ಫೈಲು ತೆರೆದು ಹೆಸರುಗಳನ್ನು ನೋಡಿದೆ. ಹಣಮಂತರಾಯರ ಕಂಪ್ಯೂಟರ್ ಬಿಟ್ಟರೆ ಇದ್ದದ್ದು ಒಂದೇ, ಐದನೆಯದು. ಎದ್ದು ಮೂಲೆಯ ಕೋಣೆಗೆ ನಡೆದೆ.

ಐದನೆಯದು ಸಿದ್ರಾಮಪ್ಪನವರದು.

ಅವರು ಮೂಗು ಪರದೆಗೆ ತಾಗುವಷ್ಟು ಬಗ್ಗಿ ಕೂತಿದ್ದರು. ಹನ್ನೊಂದನೆಯ ತೂಬಿನ ಷರಾ ಕಾಲಮ್ಮಿನ ತುಂಬ ಎಕ್ಸ್ ಅಕ್ಷರಗಳು, ಒಂದು ಕರಿಯ ಗೆರೆಯಂತೆ. ನಾನು ಬಂದದ್ದು ಅವರಿಗೆ ಕಾಣಲಿಲ್ಲ. ಬೆರಳಿನಿಂದ ಗಾಜನ್ನು ಮುಟ್ಟಿ ಮೇಲಿನ ಸಾಲುಗಳನ್ನು ಎಣಿಸುತ್ತಿದ್ದರು.

"ಇದೇನ್ರಿ ಸಿದ್ರಾಮಪ್ಪನವರ, ಈ ಎಕ್ಸು?"

ಅವರು ಬೆಚ್ಚಿ ಹಿಂದಕ್ಕೆ ಸರಿದರು. ಆಮೇಲೆ ಬಾಗಿಲ ಕಡೆ ಮುಖ ಮಾಡಿ, ಅಲ್ಲಿ ಯಾರೂ ಇಲ್ಲವೇ ಎಂದು ನನ್ನನ್ನೇ ಕೇಳಿ, ಮೆಲ್ಲಗೆ ಹೇಳಿದರು.

"ಕಾಣವಲ್ದ್ರಿ. ಎಂಟು ತಿಂಗಳಾತು, ಎಲ್ಲಾ ಮಂಜು ಮಂಜು. ಈ ಒಂದು ತಿಂಗಳಿಂದ ಸಾಲಽ ಸಿಗವಲ್ವು. ಹನ್ನೊಂದರಾಗ ಇಷ್ಟು ಕರ್ರಗ ಮಾಡಿದ್ರ ನಾ ಎಲ್ಲಿ ಇದ್ದೀನಿ ಅಂತ ತಿಳೀತದ. ಅಲ್ಲಿಂದ ಎಣಿಸಿ ಮ್ಯಾಲ ಕೆಳಗ ನೋಡ್ತೀನಿ. ಸಂಜೀಗಿ ತಗದುಬಿಡ್ತೀನಿ, ಏನೂ ಉಳಸಂಗಿಲ್ಲ."

ಏನೂ ಉಳಿಸುತ್ತಿರಲಿಲ್ಲ, ನಿಜ. ಅದಕ್ಕೇ ನಮಗೆ ಯಾರಿಗೂ ಅದು ಸಿಕ್ಕಿರಲಿಲ್ಲ. ಪಟ್ಟಿಗಳೆಲ್ಲ ಅವರಿಗೆ ಬಾಯಿಪಾಠ. ಕೆಲಸ ನಡೆಯುತ್ತಿತ್ತು. ಇನ್ನು ಎರಡು ವರ್ಷ ಸರ್ವೀಸು ಉಳಿದಿತ್ತು. ಕಣ್ಣಿನ ಸುದ್ದಿ ತಿಳಿದರೆ ಕೆಲಸಕ್ಕೆ ಅನರ್ಹ ಎಂದು ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆಯಲ್ಲಿ ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ.

ನಾನು ಕೊನೆಯ ಮೂರು ತೂಬುಗಳ ವಿಷಯ ಹೇಳಿದೆ, ಈರಮ್ಮನ ವಿಷಯ ಹೇಳಿದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಹದಿಮೂರನೇದಾ? ಆ ತೂಬಿಗಿ ಕಲ್ಲು ಇಡಿಸಿದಾಂವ ನಾನಽ ರೀ" ಎಂದರು. ಮೆಲ್ಲಗೆ ಕೈ ಚಾಚಿ, ಹುಡುಕಿ, ಎಸ್ಕೇಪ್ ಗುಂಡಿ ಒತ್ತಿದರು. ಎಕ್ಸುಗಳು ಹೋದವು.

ನಾನು ಓಡಿಬಂದು, "ಹೊಡೀರಿ!" ಎಂದೆ. ಹಣಮಂತರಾಯರು ಒಂದೊಂದೇ ಬೆರಳಿನಿಂದ, ಪರದೆಯನ್ನೇ ನೋಡುತ್ತಾ, ಜೀವಮಾನದಲ್ಲೇ ಅತ್ಯಂತ ನಿಧಾನವಾಗಿ ಮೂರು ಸಲ 'ಚಾಲೂ' ಎಂದು ಹೊಡೆದರು. ಪಟ್ಟಿ ಮುದ್ರಿಸಿ ಇಬ್ಬರೂ ಓದಿದೆವು. ಸರಿಯಿತ್ತು. ಲಷ್ಕರ್ ಅದನ್ನು ಮಡಿಚಿ ಜೇಬಿಗಿಟ್ಟು ಸೈಕಲ್ ಹತ್ತಿದ ಮೇಲೆ ನಾನು ಮತ್ತೆ ಸ್ಟೂಲಿನ ಮೇಲೆ ಕೂತೆ.

ಮಧ್ಯಾಹ್ನ ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಇಲ್ಲಿ ನಾನು ನಡೆದುಕೊಂಡದ್ದು ನನಗೆ ಹೆಮ್ಮೆಯ ವಿಷಯವಲ್ಲ. "ಇಬ್ಬರು ಒಂದೇ ಪುಟದಾಗ ಇದ್ರಿ ಸಾಹೇಬ್ರ, ಅದಕ್ಕ ಬೀಗ ಬಿದ್ದಿತ್ತು" ಎಂದಷ್ಟೇ ಹೇಳಿದೆ. ಇನ್ನೊಬ್ಬರು ಯಾರು ಎಂದು ಹೇಳಲು ನಾಲಿಗೆ ಏಳಲಿಲ್ಲ. ಒಂಬತ್ತು ದಿನದ ಪಟ್ಟಿಯನ್ನು ನನ್ನ ಪಕ್ಕ ಕೂತು ಹೇಳಿದವರನ್ನು ನಾನು ಹೇಗೆ ಹಿಡಿದುಕೊಡಲಿ? ಸಾಹೇಬರು ಹಣಮಂತರಾಯರ ಕಡೆ ತಿರುಗಿದರು.

"ಮೂರು ವಾರ ಪರದೆ ಮ್ಯಾಲ ಬರದು ತೋರ್ಸೇದ. ನೀವು ನೋಡಿಲ್ಲ. ಅಂದ ಮ್ಯಾಲ ತಪ್ಪು ನಿಮ್ಮದಽ ಆತಲ್ಲ?"

ಹಣಮಂತರಾಯರು ಹೌದೆಂದು ತಲೆ ಅಲ್ಲಾಡಿಸಿದರು. ಅವರೂ ಮೂಲೆಯ ಕೋಣೆಯ ಹೆಸರು ಎತ್ತಲಿಲ್ಲ. ನನ್ನ ಮೌನ ಒಬ್ಬರನ್ನು ಉಳಿಸಿ ಇನ್ನೊಬ್ಬರ ಅನ್ನ ಕಸಿಯುತ್ತಿದೆ ಎಂದು ಅರಿವಾಗಿ ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಸಿದ್ರಾಮಪ್ಪನವರು ನಿಂತಿದ್ದರು. ಒಂದು ಕೈ ಚೌಕಟ್ಟಿನ ಮೇಲಿತ್ತು.

"ಅವರದಲ್ರಿ ಸಾಹೇಬ್ರ. ಒಳಗ ಕೂತಾಂವ ನಾನು. ನನಗ ಕಣ್ಣು ಕಾಣಂಗಿಲ್ಲ."

ಸಾಹೇಬರು ಎದ್ದು ಅವರ ಹತ್ತಿರ ಹೋಗಿ ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣನ್ನು ನೋಡಿದರು.

"ಯಾರಿಗಿ ತೋರ್ಸೀರಿ?"

"ಯಾರಿಗೂ ಇಲ್ರಿ."

"ಎಂಥಾ ಮನಷ್ಯಾರೀ ನೀವು! ಇದು ಪೊರೆ ಬಂದದ. ಪೊರೆ ತಗದ್ರ ಹೋಗ್ತದ. ಇದಕ್ಕ್ಯಾರು ನೌಕರಿ ಕಳೀತಾರ? ರಜಾ ಅರ್ಜಿ ಬರೀರಿ. ನಾಳಿ ಅಲ್ಲ, ಈಗ." ಆಮೇಲೆ ನೆನಪಾಗಿ, "ನಿಮಗ ಬರ್ಯಾಕ ಆಗಂಗಿಲ್ಲ. ಹಣಮಂತರಾಯ, ನೀವು ಹೊಡೀರಿ. ನೋಡಿ ಹೊಡೀರಿ ಮತ್ತ!" ಎಂದರು.

ಹಣಮಂತರಾಯರು ಶುಕ್ರವಾರ ಬಂದರು. ಅದಾದ ಮೇಲೂ ಹತ್ತು ವರ್ಷ ಬರುತ್ತಲೇ ಇದ್ದರು.

ಶನಿವಾರ ಸಾಹೇಬರ ಜೀಪಿನಲ್ಲಿ ನಾನೂ ಕಾಲುವೆಯ ತುದಿಗೆ ಹೋದೆ. ಹದಿಮೂರನೇ ತೂಬಿನ ಹತ್ತಿರ ಐದಾರು ಜನ ಕಾಯುತ್ತಿದ್ದರು. ನೀರು ನಾನು ಅಂದುಕೊಂಡಂತೆ ಭೋರ್ಗರೆದು ಬರಲಿಲ್ಲ. ಒಣ ಎಲೆ, ಕಸ, ನೊರೆ ತಳ್ಳಿಕೊಂಡು, ಬಿರುಕುಗಳಲ್ಲಿ ಇಳಿದು ನಿಂತು, ಮತ್ತೆ ಮುಂದೆ ಬಂತು. ಈರಮ್ಮ ನನ್ನನ್ನು ಗುರುತಿಸಿದಳು. ಮಾತಾಡಲು ಅವಳಿಗೆ ಪುರಸೊತ್ತು ಇರಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ಸಲಿಕೆ ಹಿಡಿದು ಬದುವಿಗೆ ಓಡಿದಳು. ಆ ಸುಗ್ಗಿಯಲ್ಲಿ ಅವಳ ಗದ್ದೆಯ ಅಂಚಿನ ನಾಲ್ಕಾರು ಸಾಲು ಜೊಳ್ಳಾದವಂತೆ, ಉಳಿದದ್ದೆಲ್ಲ ಗಟ್ಟಿ ಕಾಳು.

ಕಲಬುರ್ಗಿಯವರನ್ನು ಕರೆಸಿ ಪ್ರೋಗ್ರಾಂ ತಿದ್ದಿಸಿದೆವು. ಐದು ನಿಮಿಷ ಸುಮ್ಮನಿದ್ದ ಸಾಲಿನ ಬೀಗ ತಾನೇ ಬಿಡುವಂತಾಯಿತು. ಎಚ್ಚರಿಕೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಒಂದು ಸದ್ದಿನೊಂದಿಗೆ ಬರತೊಡಗಿತು. ಈಗ ಇದೆಲ್ಲ ದೂರದ ಸರ್ವರಿನಲ್ಲಿ ನಡೆಯುತ್ತದೆ. ಇಂಥ ಬೀಗ ನೀವು ನೋಡಲಿಕ್ಕಿಲ್ಲ. ಆದರೆ ಒಳಗೆ ಯಾರೋ ಒಬ್ಬರು ಕೂತಿರುತ್ತಾರೆ, ಅವರಿಗೆ ಹಾಗೆ ಕೂರಲು ಒಂದು ಕಾರಣ ಇರುತ್ತದೆ. ಅದು ನಿಮ್ಮ ಪರದೆಯ ಮೇಲೆ ಬರುವುದಿಲ್ಲ.

ಸಿದ್ರಾಮಪ್ಪನವರು ಒಂದೂವರೆ ತಿಂಗಳು ರಜೆಯಲ್ಲಿದ್ದು ಕರಿ ಕನ್ನಡಕ ಹಾಕಿಕೊಂಡು ಬಂದರು. ನಾವೆಲ್ಲ ಮೂಲೆಯ ಕೋಣೆಯಲ್ಲಿ ಸೇರಿದೆವು. ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಪರದೆಯಿಂದ ಒಂದು ಮೊಳ ದೂರದಲ್ಲೇ ನೆಟ್ಟಗೆ ಇದ್ದು, ಡೇಟಾಬೇಸ್ ತೆರೆದರು.

"ಈ ಪರದೆ ನೀಲಿ ಅದನೇನ್ರಿ? ನಾ ಇಷ್ಟು ದಿನ ಮಣ್ಣಿನ ಬಣ್ಣ ಅಂದ್ಕೊಂಡಿದ್ದೆ" ಎಂದರು.

ಆಮೇಲೆ ಮೂರನೇ ಕವಲಿನ ಸಾಲುಗಳನ್ನು ಒಂದೊಂದಾಗಿ ಇಳಿಸುತ್ತಾ ಹೋದರು. ತೂಬುಗಳಿಗೆ ಊರವರು ಕರೆಯುವ ಹೆಸರುಗಳೂ ಅದರಲ್ಲಿ ಇದ್ದವು, ಅವನ್ನೆಲ್ಲ ಬಹಳ ಹಿಂದೆ ಟೈಪ್ ಮಾಡಿದವಳು ನಾನು. ಒಂಬತ್ತಕ್ಕೆ ಬಂದು ನಿಂತರು. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ಓದಿದರು.

"ಸುಶೀಲಾಬಾಯಿ, ಇಲ್ಲಿ ಬರ್ರಿ. ಇದು ಬನ್ನಿಗಿಡದ ತೂಬು. ನೀವೇನು ಬರದೀರಿ? ಬೆಣ್ಣಿಗಿಡದ ತೂಬು! ಬೆಣ್ಣಿ ಯಾವ ಗಿಡಕ್ಕ ಬಿಡ್ತದ್ರಿ?"

ಇಷ್ಟು ವರ್ಷ ಪ್ರತಿ ಗುರುವಾರ ಆ ಬೆಣ್ಣೆಗಿಡ ಮುದ್ರಣವಾಗಿ, ಠಸ್ಸೆ ಬಿದ್ದು, ಚೌಕಿಯ ಗೋಡೆಗೆ ಹೋಗಿತ್ತು. ಎಲ್ಲ ಬಾಯಿಪಾಠವಿದ್ದ ಸಿದ್ರಾಮಪ್ಪನವರು ಅದನ್ನು ಓದುವ ಗೋಜಿಗೇ ಹೋಗಿರಲಿಲ್ಲ. ಹಣಮಂತರಾಯರು ಮೊದಲು ನಕ್ಕರು. ಆಮೇಲೆ ಇಡೀ ಕೋಣೆ ನಕ್ಕಿತು, ಬಾಗಿಲಲ್ಲಿ ನಿಂತಿದ್ದ ಸಾಹೇಬರೂ ನಕ್ಕರು. ತಪ್ಪು ನನ್ನದೇ ಎಂದು ನಾನು ಎರಡೂ ಕೈ ಎತ್ತಿ ಒಪ್ಪಿಕೊಂಡೆ. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಸಂತೋಷದಿಂದ ಯಾವ ತಪ್ಪನ್ನೂ ಒಪ್ಪಿಕೊಂಡವಳಲ್ಲ.